ಹರ್ನಿಯಾ ಆಪರೇಷನ್ ಆದ ಸೋದರಳಿಯನಿಗೆ

ಚಿರಂಜೀವಿಗೆ ಮಾವನ ಆಶೀರ್ವಾದಗಳು.

ಆಪರೇಷನ್ ಸುಸೂತ್ರವಾಗಿ ಮುಗಿದು ಮನೆ ಸೇರಿದೆಯೆಂದು ಅಕ್ಕ ಫೋನಿನಲ್ಲಿ ತಿಳಿಸಿದಾಗ ಸಮಾಧಾನವಾಯಿತು; ಆದರೆ ಎರಡೇ ವಾರಕ್ಕೆ ಪೀಣ್ಯದ ಡ್ಯೂಟಿಗೆ ಹಾಜರಾಗುವುದಾಗಿ ಸೂಪರ್‌ವೈಸರಿಗೆ ಮಾತು ಕೊಟ್ಟಿರುವೆಯೆಂದು ಕೇಳಿ ಈ ಪತ್ರ ಬರೆಯುತ್ತಿದ್ದೇನೆ.

ಪಕ್ಕದ ಹಾಸಿಗೆಯಲ್ಲಿದ್ದ ಬ್ಯಾಂಕಿನವರು ಹತ್ತು ದಿನಕ್ಕೇ ಕೆಲಸಕ್ಕೆ ಹೋದರಂತೆ. ಹೋಗಲಿ, ಅವರು ಎತ್ತುವುದು ಪೆನ್ನು, ನೀನು ಎತ್ತುವುದು ಕಾಸ್ಟಿಂಗ್, ಅಂದರೆ ಎರಕದ ಲೋಹದ ತುಂಡು. ಕುಳಿತು ಮಾಡುವ ಕೆಲಸಕ್ಕೆ ಒಂದೆರಡು ವಾರ ಸಾಕಾದರೂ, ಭಾರ ಎತ್ತುವವರಿಗೆ ವೈದ್ಯರು ಸಾಮಾನ್ಯವಾಗಿ 4ರಿಂದ 6 ವಾರ ಹೇಳುತ್ತಾರೆ; ಏಕೆಂದರೆ ಮೇಲಿನ ಚರ್ಮ ಕೂಡಿಕೊಂಡ ಮೇಲೂ ಒಳಗೆ ಆಸರೆಗೆ ಹಾಕಿರುವ ಮೆಶ್‌ನ (ಬಲೆಯಂಥ ಜಾಲರಿಯ) ಸುತ್ತ ಮಾಂಸ ಬೆಳೆದು ಗಟ್ಟಿಯಾಗಲು ಕಾಲ ಹಿಡಿಯುತ್ತದೆ.

ನಾನು ಲೇತ್ ಮೇಲಿದ್ದಾಗ ಇದೇ ಆಪರೇಷನ್ ಆಗಿತ್ತು. ಏನು ಕೆಲಸವೆಂದು ಡಾಕ್ಟರು ಕೇಳಿದಾಗ 'ಫ್ಯಾಕ್ಟರಿ' ಎಂದಷ್ಟೇ ಹೇಳಿದೆ. ಅವರು 'ಲೈಟ್ ಡ್ಯೂಟಿ' ಎಂದು ಚೀಟಿ ಬರೆದರು. ನಮ್ಮ ಶಾಪಿನಲ್ಲಿ ಅಂಥದ್ದೊಂದು ಡ್ಯೂಟಿಯೇ ಇರಲಿಲ್ಲ! ಹದಿನೈದನೆಯ ದಿನ ಲೇತಿನ ಭಾರದ ಹಿಡಿಕೆಯಾದ ಚಕ್ ಬದಲಿಸಲು ಬಗ್ಗಿದವನು ತೊಡೆಸಂದಿಯಲ್ಲಿ ಚಳುಕು ಹೊಡೆದು ಅಲ್ಲೇ ಕುಳಿತುಬಿಟ್ಟೆ, ಮತ್ತೆ ಒಂದೂವರೆ ತಿಂಗಳು ಮನೆಯಲ್ಲಿ ಬಿದ್ದಿದ್ದೆ. ಆದ್ದರಿಂದ ಮುಂದಿನ ಚೆಕಪ್ಪಿಗೆ ಹೋದಾಗ ಎಷ್ಟು ಕಿಲೋ ಎತ್ತುತ್ತೀಯೆ, ಪಾಳಿಗೆ ಎಷ್ಟು ಸಲ, ಎಷ್ಟು ಗಂಟೆ ನಿಲ್ಲುತ್ತೀಯೆ, ಬೈಕಿನಲ್ಲಿ ಎಷ್ಟು ದೂರ ಹೋಗುತ್ತೀಯೆ ಎಂಬುದನ್ನೆಲ್ಲ ಬಿಡಿಸಿ ಹೇಳು.

ನಿನ್ನನ್ನು ಅವಸರಪಡಿಸುತ್ತಿರುವುದು ದೇಹವಲ್ಲ, ಮನೆ ಬಾಡಿಗೆಯೆಂದು ನನಗೆ ಗೊತ್ತು. ಸಂಬಳದಲ್ಲಿ ಇಎಸ್ಐ, ಅಂದರೆ ಕಾರ್ಮಿಕರ ವಿಮೆಯ ಹಣ, ಕಡಿತವಾಗುತ್ತಿದೆಯಲ್ಲವೇ? ಸಂಬಂಧಪಟ್ಟ ಆರು ತಿಂಗಳ ಅವಧಿಯಲ್ಲಿ 78 ದಿನಗಳ ವಂತಿಗೆ ಕಟ್ಟಿದ್ದರೆ, ಇಎಸ್ಐ ವೈದ್ಯರ ಸರ್ಟಿಫಿಕೇಟಿನ ಮೇಲೆ ಕೂಲಿಯ ಶೇ. 70ರಷ್ಟು ಹಣ ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ನಾಚಿಕೆಪಟ್ಟು ಬಿಡಬೇಡ, ಅದು ನಿನ್ನದೇ ದುಡ್ಡು.

ಹಾಗೆಂದು ಹಾಸಿಗೆ ಹಿಡಿದು ಮಲಗಲೂ ಬೇಡ. ನೋವಿಗೆ ಹೆದರಿ ಅಲುಗಾಡದವರೂ ತಡವಾಗಿಯೇ ಕೆಲಸಕ್ಕೆ ಮರಳುತ್ತಾರೆ. ದಿನವೂ ಬೆಳಗ್ಗೆ ಸಂಜೆ ಬೀದಿಯ ಕೊನೆಯವರೆಗೆ ನಡೆದು ಬಾ. ಕೆಲಸಕ್ಕೆ ಮರಳಿದ ಮೇಲೆ ಮೊದಲ ಎರಡು ವಾರ ಮಾಲು ಪರೀಕ್ಷಿಸುವ ಇನ್‌ಸ್ಪೆಕ್ಷನ್ ಟೇಬಲ್ಲಿಗೆ ಹಾಕುವಂತೆ ಸೂಪರ್‌ವೈಸರನ್ನು ಈಗಲೇ ಕೇಳು, ಮಾತಿನಲ್ಲಲ್ಲ, ಬರವಣಿಗೆಯಲ್ಲಿ. ಅರ್ಜಿ ಬರೆಯಲು ಕಷ್ಟವಾದರೆ ಭಾನುವಾರ ನಾನೇ ಬಂದು ಬರೆದುಕೊಡುತ್ತೇನೆ.

ಇಂತಿ ನಿನ್ನ ಮಾವ