ಸ್ಕೋರು ಪಟ್ಟಿಯನ್ನು ಪೂರ್ತಿ ಹಾಕಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ಕೋಲಾರದ ಎಪಿಎಂಸಿ ಮಾರುಕಟ್ಟೆಯ ಒಂದು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರ್. ಮೂವತ್ತು ವರ್ಷದಿಂದ ಇದೇ ಕೆಲಸ. ನಿಮ್ಮ ಪತ್ರಿಕೆಯನ್ನು ಅದಕ್ಕೂ ಮುಂಚಿನಿಂದ ಓದುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಒಂದು ಕಾಗದವನ್ನೂ ಬರೆದವನಲ್ಲ. 2025ರ ಆಗಸ್ಟ್ 5ರ ಮಂಗಳವಾರದ ಪತ್ರಿಕೆ ನೋಡಿದ ಮೇಲೆ ಸುಮ್ನೆ ಇರಲು ಆಗಲಿಲ್ಲ.

ಹಿಂದಿನ ದಿನ ಲಂಡನ್ನಿನ ಓವಲ್ ಮೈದಾನದಲ್ಲಿ ಇಂಗ್ಲೆಂಡ್ ಮೇಲಿನ ಕೊನೆಯ ಟೆಸ್ಟನ್ನು ಭಾರತ 6 ರನ್‌ಗಳಿಂದ ಗೆದ್ದಿತ್ತು. ಸರಣಿ 2–2 ಸಮ ಆಗಿತ್ತು. ಮಂಡಿ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ಪತ್ರಿಕೆ ತಂದೆ. ಆಟದ ಪುಟ ತೆರೆದರೆ ಅರ್ಧ ಪುಟಕ್ಕೆ ನಮ್ಮ ಬೌಲರ್ ಸಿರಾಜ್ ಫೋಟೊ. ಚೆನ್ನಾಗಿತ್ತು, ಇಲ್ಲ ಅನ್ನಲ್ಲ. ಅದರ ಕೆಳಗೆ ವರದಿ. ಮೂಲೆಯಲ್ಲಿ 'ಸಂಕ್ಷಿಪ್ತ ಸ್ಕೋರು' ಎಂದು ನಾಲ್ಕು ಸಾಲು. ಭಾರತ 224 ಮತ್ತು 396, ಇಂಗ್ಲೆಂಡ್ 247 ಮತ್ತು 367. ರೂಟ್ 105, ಬ್ರೂಕ್ 111, ಸಿರಾಜ್ 104 ರನ್ ಕೊಟ್ಟು 5 ವಿಕೆಟ್. ಅಷ್ಟೇ.

ಕ್ರಿಸ್ ವೋಕ್ಸ್ ಎಲ್ಲಿ ಸಾರ್?

ಸೋಮವಾರ ಸಂಜೆ ನಮ್ಮ ಮಂಡಿಯಲ್ಲಿ ಏನಾಯಿತು ಅಂತ ಹೇಳುತ್ತೇನೆ. ನಮ್ಮಲ್ಲಿ ಜುಲೈ, ಆಗಸ್ಟ್ ಅಂದರೆ ಮಾಲು ಜಾಸ್ತಿ ಬರುವ ಕಾಲ. ಬೆಳಿಗ್ಗೆ ಹರಾಜು, ಆಮೇಲೆ ಹಣ್ಣು ಆರಿಸಿ ತುಂಬುವುದು, ಸಂಜೆ ದೂರದ ಊರುಗಳ ಲಾರಿಗೆ ಲೋಡ್. ಇಂಗ್ಲೆಂಡಿನಲ್ಲಿ ಟೆಸ್ಟ್ ನಡೆದರೆ ನಮಗೆ ಮಧ್ಯಾಹ್ನ ಮೂರೂವರೆಗೆ ಶುರು. ಸರಿಯಾಗಿ ಲೋಡಿನ ಹೊತ್ತು. ಖಾಲಿ ಬಾಕ್ಸ್‌ಗಳನ್ನು ಪೇರಿಸಿ ಅದರ ಮೇಲೆ ಒಂದು ಫೋನು ನಿಲ್ಲಿಸುತ್ತೇವೆ. ಹಮಾಲಿಗಳು ಬಾಕ್ಸ್ ಹೊತ್ತು ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ನೋಡುತ್ತಾರೆ. ಕನ್ನಡದವರು, ಮನೆಯಲ್ಲಿ ತೆಲುಗು ಆಡುವವರು, ಉರ್ದು ಆಡುವವರು, ಎಲ್ಲರೂ ಇದ್ದಾರೆ. ಲಾರಿಯವರದು ಹಿಂದಿ.

ಅವತ್ತು ಇಂಗ್ಲೆಂಡಿಗೆ ಬೇಕಿದ್ದದ್ದು 35 ರನ್. ಕೈಯಲ್ಲಿ ನಾಲ್ಕು ವಿಕೆಟ್. ಅದರಲ್ಲಿ ಒಂದು ಅವರ ಬೌಲರ್ ವೋಕ್ಸ್‌ದು. ಅವರು ಮೊದಲ ದಿನವೇ ಬೌಂಡರಿ ಹತ್ತಿರ ಚೆಂಡು ತಡೆಯಲು ಹೋಗಿ ಬಿದ್ದು ಎಡ ಭುಜ ಮುರಿದುಕೊಂಡವರ ಹಾಗೆ ಹೊರಗೆ ಹೋಗಿದ್ದರು. ಮತ್ತೆ ಬೌಲಿಂಗ್ ಮಾಡಲಿಲ್ಲ. ಒಂಬತ್ತನೇ ವಿಕೆಟ್ ಬಿದ್ದಾಗ ಇನ್ನೂ 17 ರನ್ ಬೇಕಿತ್ತು. ಆಗ ವೋಕ್ಸ್ ಮೆಟ್ಟಿಲು ಇಳಿದು ಬಂದರು. ಎಡಗೈ ಕಟ್ಟಿ ಸ್ವೆಟರ್ ಒಳಗೆ ಸೇರಿಸಿದ್ದರು. ಆ ಕಡೆಯ ತೋಳು ಖಾಲಿಯಾಗಿ ಜೋತಾಡುತ್ತಿತ್ತು. ಬಲಗೈಯಲ್ಲಿ ಬ್ಯಾಟು.

ಲೋಡ್ ನಿಂತುಹೋಯಿತು. ತಲೆ ಮೇಲೆ ಬಾಕ್ಸ್ ಇಟ್ಟುಕೊಂಡೇ ನಿಂತವರಿದ್ದರು. ಒಂದೊಂದು ರನ್ ಓಡುವಾಗಲೂ ವೋಕ್ಸ್ ಮುಖ ಕಿವುಚುತ್ತಿತ್ತು. ಜೊತೆಗಿದ್ದ ಅಟ್ಕಿನ್ಸನ್, ವೋಕ್ಸ್‌ಗೆ ಒಂದು ಚೆಂಡನ್ನೂ ಆಡಲು ಬಿಡಲಿಲ್ಲ, ತಾನೇ ಎದುರಿಸಿದರು. ನಮ್ಮ ಹಿರಿಯ ಹಮಾಲಿ ಒಬ್ಬರಿದ್ದಾರೆ, ಎಲ್ಲರೂ ದೊಡ್ಡಣ್ಣ ಅಂತಾರೆ. ಅವರು, "ಎದುರು ಪಾರ್ಟಿಯವನಾದ್ರೂ ಇವನಿಗೆ ಕೈ ಮುಗೀಬೇಕಪ್ಪ" ಅಂದರು. ಅದಾಗಿ ಸ್ವಲ್ಪ ಹೊತ್ತಿಗೆ ಸಿರಾಜ್ ಯಾರ್ಕರ್ ಹಾಕಿದರು, ಅಟ್ಕಿನ್ಸನ್ ಬೌಲ್ಡ್. ಕೂಗಾಟಕ್ಕೆ ಪಕ್ಕದ ಮಂಡಿಯವರೂ ಓಡಿ ಬಂದರು.

ಪೂರ್ತಿ ಸ್ಕೋರು ಪಟ್ಟಿ ಹಾಕಿದ್ದರೆ ಅದರಲ್ಲಿ ಒಂದು ಸಾಲು ಹೀಗಿರುತ್ತಿತ್ತು: ಕ್ರಿಸ್ ವೋಕ್ಸ್ ಔಟಾಗದೆ 0, ಎಸೆತ 0. ಎರಡು ಸೊನ್ನೆ. ಆ ಸಾಲನ್ನು ಕಣ್ಣಾರೆ ನೋಡಬೇಕೆಂದೇ ನಾನು ಬೆಳಿಗ್ಗೆ ಓಡಿದ್ದು.

ನನ್ನ ಕೆಲಸದ ಮಾತಿನಲ್ಲೇ ಹೇಳುತ್ತೇನೆ. ರೈತರು ಮಾಲು ತರುತ್ತಾರೆ. ಹರಾಜಾದ ಮೇಲೆ ನಾನು ಪಟ್ಟಿ ಬರೆದುಕೊಡುತ್ತೇನೆ. ಹದಿನೈದು ಕೆ.ಜಿ. ಬಾಕ್ಸ್ ಎಷ್ಟು, ಯಾವ ಲಾಟು ಯಾವ ರೇಟಿಗೆ ಹೋಯಿತು, ಸಣ್ಣ ಹಣ್ಣು ಎಷ್ಟಕ್ಕೆ, ಬಾಡಿಗೆ ಎಷ್ಟು ಕಳೆಯಿತು, ಎಲ್ಲ ಇರಬೇಕು. ಅದನ್ನೆಲ್ಲ ಬಿಟ್ಟು 'ಒಟ್ಟು ಇಷ್ಟು ಸಾವಿರ' ಅಂತ ಒಂದು ಸಾಲು ಗೀಚಿ ಕೊಟ್ಟರೆ ಯಾವ ರೈತರೂ ಒಪ್ಪಲ್ಲ. ದುಡ್ಡು ಸರಿಯಾಗೇ ಇದ್ದರೂ ಒಪ್ಪಲ್ಲ. ಮೂರು ತಿಂಗಳು ಗಿಡದ ಹಿಂದೆ ಬಿದ್ದವರಿಗೆ ಯಾವ ಕೊಯ್ಲು ಏನು ತಂದಿತು ಅಂತ ತಿಳಿಯಬೇಕು ಅಲ್ವಾ? ಜೂನ್ 20ರಿಂದ ಆಗಸ್ಟ್ 4ರವರೆಗೆ ಐದು ಟೆಸ್ಟ್‌ಗಳ ಹಿಂದೆ ಬಿದ್ದವರು ನಾವು. ಐದೂ ಟೆಸ್ಟ್ ಐದನೇ ದಿನಕ್ಕೆ ಹೋದವು. ನಮಗೂ ಪಟ್ಟಿ ಬೇಕು.

ಅದೇ ಸರಣಿಯಲ್ಲಿ ಲಾರ್ಡ್ಸ್ ಟೆಸ್ಟಿನ ಪೂರ್ತಿ ಪಟ್ಟಿಯನ್ನು ನೀವು ಹಾಕಿದ್ದಿರಿ. ಅದಕ್ಕೆ ಧನ್ಯವಾದ ಹೇಳಬೇಕು. ಅದು ಎಷ್ಟು ಉಪಯೋಗಕ್ಕೆ ಬಂತು ಅಂತಲೂ ಹೇಳಬೇಕು.

ಲಾರ್ಡ್ಸ್‌ನಲ್ಲಿ ಎರಡೂ ತಂಡ ಮೊದಲ ಇನಿಂಗ್ಸ್‌ನಲ್ಲಿ 387. ಆಮೇಲೆ ಇಂಗ್ಲೆಂಡ್ 192, ನಾವು 170. 22 ರನ್‌ಗಳಿಂದ ಸೋತೆವು. ಸಿರಾಜ್ ತಡೆದ ಚೆಂಡು ಮೆಲ್ಲಗೆ ಉರುಳಿಕೊಂಡು ಹೋಗಿ ವಿಕೆಟ್‌ಗೆ ತಗಲಿತು. ಅವತ್ತು ರಾತ್ರಿ ಯಾರೂ ಸರಿಯಾಗಿ ಮಾತಾಡಲಿಲ್ಲ. ಮಾರನೇ ದಿನ ಹರಾಜು ಮುಗಿದ ಮೇಲೆ ಟೀ ಅಂಗಡಿಯಲ್ಲಿ ದೊಡ್ಡಣ್ಣ ಪತ್ರಿಕೆ ಹಿಡಿದು ಕೂತರು. ಅವರು ಓದಿದ್ದು ನಾಲ್ಕನೇ ಕ್ಲಾಸು. ಸ್ಕೋರು ಪಟ್ಟಿಯನ್ನು ಬೆರಳಿಟ್ಟು ಸಾಲು ಸಾಲಾಗಿ ಓದುತ್ತಾರೆ. ಉಗುರಿನ ಸಂದಿಯಲ್ಲಿ ಟೊಮೆಟೊ ಗಿಡದ ಹಸಿರು ಕರೆ ಹೋಗಿರುವುದಿಲ್ಲ, ಬೆರಳು ಹೋದ ಕಡೆ ಕಾಗದದ ಮೇಲೂ ಮೆತ್ತುತ್ತದೆ. ಇಂಗ್ಲೆಂಡ್ ಎರಡನೇ ಇನಿಂಗ್ಸ್. ರೂಟ್ 40, ಸ್ಟೋಕ್ಸ್ 33. ಬೆರಳು ಕೆಳಗೆ ಇಳಿದು 'ಇತರೆ' ಹತ್ತಿರ ನಿಂತಿತು. ಇತರೆ ಅಂದರೆ ಬ್ಯಾಟಿನಿಂದ ಬಾರದ ರನ್. ಅದರಲ್ಲಿ ಬೈ ಅಂದರೆ ಬ್ಯಾಟಿಗೂ ಮೈಗೂ ತಗಲದೆ ಕೀಪರ್‌ನನ್ನೂ ದಾಟಿ ಹೋದ ಚೆಂಡಿಗೆ ಓಡಿದ್ದು.

"ಇತರೆ 32. ಅದ್ರಲ್ಲಿ ಬೈ 25." ತಲೆ ಎತ್ತಿದರು. "ನಾವು ಸೋತಿದ್ದು ಎಷ್ಟರಲ್ಲಿ?"

"ಇಪ್ಪತ್ತೆರಡರಲ್ಲಿ, ದೊಡ್ಡಣ್ಣ."

ಅವರು ಮತ್ತೆ ಆ ಸಾಲಿನ ಮೇಲೆ ಬೆರಳು ಇಟ್ಟರು. ಟೀ ಆರಿಹೋಯಿತು.

ಅಲ್ಲಿಂದ ಶುರುವಾದ ಮಾತು ಒಂದು ವಾರ ನಡೆಯಿತು. ಪಂತ್ ಬೆರಳಿಗೆ ಪೆಟ್ಟಾಗಿ ಜುರೇಲ್ ಕೀಪಿಂಗ್ ಮಾಡುತ್ತಿದ್ದರು, ತಪ್ಪು ಅವರದ್ದೇ ಅಂತ ಹುಡುಗರು. ಅಲ್ಲ, ಲಾರ್ಡ್ಸ್ ಮೈದಾನವೇ ಒಂದು ಕಡೆಗೆ ಸುಮಾರು ಎಂಟು ಅಡಿ ಇಳಿಜಾರು, ಬ್ಯಾಟ್ಸ್‌ಮನ್ ದಾಟಿದ ಮೇಲೂ ಚೆಂಡು ಅಲ್ಲಾಡುತ್ತೆ ಅಂತ ನಾನು. ನಮ್ಮ ಕಡೆಯ ಪಟ್ಟಿಯನ್ನೂ ಓದಿದೆವು. ಜಡೇಜ ಔಟಾಗದೆ 61, ಎಸೆತ 181. ಬುಮ್ರಾ 5 ರನ್, 54 ಎಸೆತ. ಸಿರಾಜ್ 4 ರನ್, 30 ಎಸೆತ. ವಿಕೆಟ್ ಪತನ ನೋಡಿದರೆ 8–112, 9–147, 10–170, ಅಂದರೆ ಎಂಟನೇ ವಿಕೆಟ್ 112ಕ್ಕೆ ಬಿತ್ತು, ಹಾಗೆ. ಊಟದ ಹೊತ್ತಿಗೇ ಎಂಟು ವಿಕೆಟ್ ಹೋಗಿದ್ದ ತಂಡವನ್ನು ಕೊನೆಯ ಇಬ್ಬರನ್ನು ಕಟ್ಟಿಕೊಂಡು ಜಡೇಜ ಎಲ್ಲಿಗೆ ತಂದು ನಿಲ್ಲಿಸಿದರು ಅಂತ ಆ ಮೂರು ಅಂಕಿಯಲ್ಲೇ ಇದೆ. 'ಸಂಕ್ಷಿಪ್ತ ಸ್ಕೋರು' ಹಾಕಿದ್ದರೆ ಬುಮ್ರಾ ಅವರ ಆ 5 ರನ್ ಇರುತ್ತಲೇ ಇರಲಿಲ್ಲ. ಬೈ ಇರುತ್ತಿರಲಿಲ್ಲ. ಸೋತಿದ್ದು ಮಾತ್ರ ಇರುತ್ತಿತ್ತು.

ಇನ್ನೊಂದು ವಿಷಯ. ಓವಲ್‌ನ ಆ ನಾಲ್ಕು ಸಾಲಿನಲ್ಲಿ ನಮ್ಮ ಕರ್ನಾಟಕದ ಬೌಲರ್ ಪ್ರಸಿದ್ಧ ಕೃಷ್ಣ ಇಲ್ಲ. ಮೊದಲ ಇನಿಂಗ್ಸ್‌ನಲ್ಲಿ 62ಕ್ಕೆ 4, ಎರಡನೆಯದರಲ್ಲಿ 126ಕ್ಕೆ 4. ಭಾನುವಾರ ಬ್ರೂಕ್ 19 ರನ್ ಹೊಡೆದಿದ್ದಾಗ ಪ್ರಸಿದ್ಧ ಅವರ ಬೌಲಿಂಗ್‌ನಲ್ಲೇ ಸಿರಾಜ್ ಕ್ಯಾಚ್ ಹಿಡಿದು ಬೌಂಡರಿ ಹಗ್ಗ ತುಳಿದದ್ದು. ನಮ್ಮವರೇ ಆದ ಕರುಣ್ ನಾಯರ್ ಕೂಡ ಇಲ್ಲ. ಭಾರತ 224ಕ್ಕೆ ಔಟಾದ ಇನಿಂಗ್ಸ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಹೊಡೆದವರು ಅವರು, 57. ಗೆಲುವು ಬರೀ 6 ರನ್ನಿನದು. ಇಂಥ ಮ್ಯಾಚಿನಲ್ಲಿ ಯಾರದ್ದು ಬಿಡುವುದು? ಬೇರೆ ಭಾಷೆಯ ಪತ್ರಿಕೆಯವರು ಬಿಟ್ಟರೆ ಬಿಡಲಿ. ಕನ್ನಡ ಪತ್ರಿಕೆಯಲ್ಲಿ ಈ ಇಬ್ಬರ ಹೆಸರು ಇರಬೇಕಿತ್ತು. ನನಗೆ ನಿಜವಾಗಿ ಬೇಜಾರಾಯಿತು.

ನಾನು ಇಷ್ಟು ಹಚ್ಚಿಕೊಂಡಿರುವುದಕ್ಕೆ ಕಾರಣ ನನ್ನ ಹತ್ತಿರ ಇರುವ ಪುಸ್ತಕ. ಮಂಡಿಯ ಹಳೇ ಲೆಜರ್‌ಗಳು, ಉದ್ದಕ್ಕೆ ಇರುತ್ತವಲ್ಲ, ಅವು. ಈಗ ನಾಲ್ಕು ಆಗಿವೆ. ಮೈದಾ ಅಂಟು ಕಾಯಿಸಿ ಸ್ಕೋರು ಪಟ್ಟಿಗಳನ್ನು ಅಂಟಿಸಿದ್ದೇನೆ.

ಮೊದಲನೆಯದು 1987ರ ಮಾರ್ಚ್, ಚಿನ್ನಸ್ವಾಮಿ, ಭಾರತ–ಪಾಕಿಸ್ತಾನ. ಆಗ ನಾನು ಶ್ರೀನಿವಾಸಪುರದಲ್ಲಿ ಹೈಸ್ಕೂಲು. ಕಟಿಂಗ್ ಶಾಪಿನ ಅಣ್ಣನನ್ನು ಕಾಡಿ ಬೇಡಿ ಆ ದಿನದ ಪತ್ರಿಕೆಯನ್ನು ಇಸ್ಕೊಂಡಿದ್ದೆ. ಮಣಿಂದರ್ ಸಿಂಗ್ 27ಕ್ಕೆ 7. ಗವಾಸ್ಕರ್ ಸಿ ರಿಜ್ವಾನ್ ಬಿ ಇಕ್ಬಾಲ್ ಖಾಸಿಂ 96 ('ಸಿ' ಅಂದರೆ ಕ್ಯಾಚ್ ಹಿಡಿದವರು, 'ಬಿ' ಅಂದರೆ ಬೌಲರ್). ಅದು ಅವರ ಕೊನೆಯ ಟೆಸ್ಟ್ ಇನಿಂಗ್ಸ್. 16 ರನ್‌ಗಳಿಂದ ಸೋತೆವು. ಕಾಗದ ಈಗ ಟೀ ಬಣ್ಣಕ್ಕೆ ತಿರುಗಿದೆ, ಮಡಿಕೆಯ ಜಾಗದಲ್ಲಿ ಅಕ್ಷರ ಹೋಗಿದೆ. 96 ಮಾತ್ರ ಹಾಗೇ ಇದೆ.

1999ರ ಫೆಬ್ರುವರಿಯ ದೆಹಲಿ ಟೆಸ್ಟಿನದೂ ಇದೆ. ಪಾಕಿಸ್ತಾನದ ಎರಡನೇ ಇನಿಂಗ್ಸ್ ಅನ್ನು ಮೇಲಿನಿಂದ ಕೆಳಗೆ ಓದಬೇಕು ಸಾರ್. ಬಿ ಕುಂಬ್ಳೆ, ಬಿ ಕುಂಬ್ಳೆ, ಎಲ್‌ಬಿಡಬ್ಲ್ಯು ಬಿ ಕುಂಬ್ಳೆ, ಬಿ ಕುಂಬ್ಳೆ. ಹತ್ತು ಸಲ ಅದೇ ಹೆಸರು. ವಕಾರ್ ಒಬ್ಬರೇ ಔಟಾಗದೆ 6. ಕೆಳಗೆ ಬೌಲಿಂಗ್ (ಓವರ್, ರನ್ ಕೊಡದ ಓವರ್, ರನ್, ವಿಕೆಟ್): ಕುಂಬ್ಳೆ 26.3–9–74–10. ಫೋಟೊ ಎಷ್ಟೇ ದೊಡ್ಡದು ಹಾಕಿದರೂ ಇದನ್ನು ತೋರಿಸಲು ಆಗಲ್ಲ.

2007ರ ಡಿಸೆಂಬರ್‌ನಲ್ಲಿ ಚಿನ್ನಸ್ವಾಮಿಯಲ್ಲಿ ಪಾಕಿಸ್ತಾನದ ಜೊತೆ ಆಡಿದ ಟೆಸ್ಟಿಗೆ ಮೊದಲ ದಿನ ರಜೆ ಹಾಕಿ ಹೋಗಿದ್ದೆ. 61ಕ್ಕೆ 4 ಆಗಿದ್ದಲ್ಲಿಂದ ಗಂಗೂಲಿ, ಯುವರಾಜ್ 300 ರನ್ ಸೇರಿಸಿದ್ದನ್ನು ನೋಡಿದೆ. ಅದಾದ ಮೇಲೆ ಎರಡು ದೇಶ ಟೆಸ್ಟ್ ಆಡೇ ಇಲ್ಲ. ನನ್ನ ತಂಗಿಯ ಮಗನಿಗೆ ಹದಿನೇಳು ವರ್ಷ. ಅವನು ಹುಟ್ಟಿದ ಮೇಲೆ ಭಾರತ–ಪಾಕಿಸ್ತಾನ ಟೆಸ್ಟ್ ಒಂದೂ ನಡೆದಿಲ್ಲ. ಅವನಿಗೆ ಆ ಆಟ ಗೊತ್ತಿರುವುದು ನನ್ನ ಲೆಜರಿನಿಂದ. "ಮಾವ, ಇಲ್ಲಿ ಇವ್ರು ಇಷ್ಟೊತ್ತು ಯಾಕೆ ಹೊಡೀಲಿಲ್ಲ?" ಅಂತ ಎಸೆತದ ಲೆಕ್ಕ ನೋಡಿ ಕೇಳುತ್ತಾನೆ. ಮುಂಚೆ ಅವನಿಗೆ ಐಪಿಎಲ್ ಬಿಟ್ಟು ಬೇರೆ ಬೇಡವಾಗಿತ್ತು. ಈಗ ಓವಲ್ ಟೆಸ್ಟನ್ನು ನನ್ನ ಜೊತೆ ಐದು ದಿನವೂ ನೋಡಿದ.

ಎಲ್ಲ ಫೋನಿನಲ್ಲಿ ಸಿಗುತ್ತಲ್ಲ ಅಂತ ನೀವು ಕೇಳಬಹುದು. ಸಿಗುತ್ತೆ. ಆದರೆ ದೊಡ್ಡಣ್ಣನ ಹತ್ತಿರ ಇರುವುದು ಬಟನ್ ಫೋನು. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಅವರಿಗೆ ಸ್ಕೋರು ಪಟ್ಟಿ ಅಂದರೆ ನಿಮ್ಮ ಪತ್ರಿಕೆಯೇ. ನಮ್ಮ ಮಾರುಕಟ್ಟೆಯಲ್ಲಿ ಅವರಂಥವರು ಇನ್ನೂ ಬಹಳ ಜನ ಇದ್ದಾರೆ. ಮತ್ತೆ ಫೋನಿನಲ್ಲಿ ನೋಡಿದ್ದನ್ನು ಹತ್ತು ಜನ ಒಂದೇ ಬೆಂಚಿನ ಮೇಲೆ ಕೂತು ಬೆರಳಿಟ್ಟು ಓದಲು ಆಗಲ್ಲ.

ರಾತ್ರಿ ಆಟ ತಡವಾಗಿ ಮುಗಿಯುತ್ತೆ, ಜಿಲ್ಲೆಗೆ ಬರುವ ಪತ್ರಿಕೆ ಬೇಗ ಅಚ್ಚಿಗೆ ಹೋಗುತ್ತೆ, ಆ ಕಷ್ಟ ಗೊತ್ತಿದೆ. ಅಂಥ ದಿನ ಬಿಟ್ಟು ಮರುದಿನ ಹಾಕಿ, ನಾವು ಕಾಯುತ್ತೇವೆ. ಆದರೆ ಓವಲ್ ಟೆಸ್ಟ್ ಮುಗಿದದ್ದು ನಮ್ಮ ಸಮಯ ಸಂಜೆ ನಾಲ್ಕೂವರೆ ಹೊತ್ತಿಗೆ.

ಐದು ದಿನವೂ ಪೂರ್ತಿ ಪಟ್ಟಿ ಹಾಕಿ ಅಂತ ನಾನು ಕೇಳುತ್ತಿಲ್ಲ. ಒಂದು ಇನಿಂಗ್ಸ್ ಮುಗಿದ ದಿನ ಆ ಇನಿಂಗ್ಸ್‌ನದು ಹಾಕಿದರೆ ಸಾಕು. ಹನ್ನೊಂದು ಜನರ ಹೆಸರು, ಹೇಗೆ ಔಟಾದರು, ಎಸೆತ ಎಷ್ಟು, ಇತರೆ, ವಿಕೆಟ್ ಪತನ, ಬೌಲಿಂಗ್. ಒಂದು ಕಾಲಂನಲ್ಲಿ ಗೇಣು ಜಾಗ ಹಿಡಿಯಬಹುದು. ಸಣ್ಣ ಅಕ್ಷರವಾದರೂ ಪರವಾಗಿಲ್ಲ, ಕನ್ನಡಕ ಇದೆ. ಫೋಟೊ ಎರಡು ಬೆರಳು ಚಿಕ್ಕದು ಮಾಡಿದರೆ ಜಾಗ ಆಗುತ್ತೆ. ಭಾರತ ಆಡದ ದೊಡ್ಡ ಸರಣಿಗಳಿಗೂ ಇದೇ ಮಾತು. ಇದೇ 2025ರ ನವೆಂಬರ್‌ನಲ್ಲಿ ಪರ್ತ್‌ನಲ್ಲಿ ಆಸ್ಟ್ರೇಲಿಯಾ–ಇಂಗ್ಲೆಂಡ್ ಆ್ಯಷಸ್ ಟೆಸ್ಟ್ ಸರಣಿ ಶುರುವಾಗುತ್ತೆ, ಅದನ್ನೂ ನಾವು ನೋಡುವವರೇ. ಅದಕ್ಕಿಂತ ಮುಂಚೆ ಅಕ್ಟೋಬರ್‌ನಲ್ಲಿ ವೆಸ್ಟ್ ಇಂಡೀಸ್ ನಮ್ಮಲ್ಲಿಗೆ ಬರುತ್ತೆ. ಅಷ್ಟರೊಳಗೆ ದಯವಿಟ್ಟು ಯೋಚನೆ ಮಾಡಿ.

ಓವಲ್ ಟೆಸ್ಟಿಗೆ ಅಂತ ನಾಲ್ಕನೇ ಲೆಜರಿನಲ್ಲಿ ಎರಡು ಪುಟ ಖಾಲಿ ಬಿಟ್ಟಿದ್ದೇನೆ. ಮೇಲೆ ತಾರೀಖು ಬರೆದಾಗಿದೆ. ಫೋನಿನಲ್ಲಿ ನೋಡಿ ಕೈಯಲ್ಲೇ ಬರೆದುಬಿಡು ಮಾವ ಅಂತ ಹುಡುಗ ಹೇಳಿದ. ಮನಸ್ಸು ಬರಲಿಲ್ಲ. ವಾರ ಹದಿನೈದು ದಿನ ತಡವಾದರೂ ಸರಿ, ಯಾವುದಾದರೂ ಭಾನುವಾರದ ಪುಟದಲ್ಲಿ ಒಂದು ಸಲ ಪೂರ್ತಿ ಹಾಕಿ. ದೊಡ್ಡಣ್ಣ ಓದಿ ಮುಗಿಸಿದ ಮೇಲೆ ಅಂಟಿಸುತ್ತೇನೆ.

ಇಂತಿ ನಿಮ್ಮ ಓದುಗ,
ಟೊಮೆಟೊ ಮಂಡಿಯ ಒಬ್ಬ ರೈಟರ್,
ಕೋಲಾರ