ಅಣ್ಣಂಗೆ, ತೋಟದ ಪೇಪರ್ ವಿಷಯಕ್ಕೆ

ಲೀಡ್ಸ್, ಇಂಗ್ಲೆಂಡ್

ಅಣ್ಣಾ,

ಅಪ್ಪ ಹೋದ್ಮೇಲೆ ಆಸ್ತೀಲಿ ನಮ್ಮ ಪಾಲು ನಿಂಗೆ ಬಿಟ್ಟುಕೊಡೋಕೆ ಅಂತ ನೀನು ವಾಟ್ಸಾಪ್‌ಗೆ ಹಾಕಿದ ಹಕ್ಕು ಖುಲಾಸೆ ಪತ್ರದ ಡ್ರಾಫ್ಟು ಪೂರ್ತಿ ಓದಿದೆ. ಫೋನಲ್ಲಾದ್ರೆ ನಾನು ಅತ್ತುಬಿಡ್ತೀನಿ, ನೀನು ರೇಗ್ತೀಯ, ಹೇಳ್ಬೇಕಾದ್ದು ಹಂಗೇ ಉಳಿಯುತ್ತೆ, ಅದಕ್ಕೇ ಬರೀತಿದೀನಿ. ಅತ್ತಿಗೇನೂ ಓದ್ಲಿ.

ತೋಟ ನಿಂಗೇ ಸೇರ್ಬೇಕು, ಅದ್ರಲ್ಲಿ ನಂದೇನೂ ತಕರಾರಿಲ್ಲ. ಬೋರ್ ಬತ್ತಿಹೋದಾಗ ಅಪ್ಪನ ಜೊತೆ ನಿಂತು ಟ್ಯಾಂಕರ್ ನೀರು ಹಾಕಿಸಿ ಮಾವಿನ ಗಿಡ ಉಳಿಸ್ಕೊಂಡೋನು ನೀನು. ಆದ್ರೆ ಅಮ್ಮನ ಹೆಸರಿಗೆ ಏನು ಬರುತ್ತೆ ಅಂತ ಬರಹದಲ್ಲಿ ಆಗೋವರೆಗೂ ನಾನು ಸೈನ್ ಹಾಕಲ್ಲ. ಡ್ರಾಫ್ಟಲ್ಲಿ ನಾನು, ಅಕ್ಕ ಅಷ್ಟೇ ಅಲ್ಲ, ಅಮ್ಮನೂ ಹಕ್ಕು ಬಿಡ್ತಾಳೆ ಅಂತಿದೆ. ಕೊನೇ ಪುಟದಲ್ಲಿ ಅವಳ ಹೆಬ್ಬೆಟ್ಟಿಗೆ ಅಂತ ಜಾಗ ಬಿಟ್ಟವ್ರೆ. ಡೈರಿಗೆ ಹಾಕಿದ ಹಾಲಿನ ಲೆಕ್ಕ ಇಷ್ಟು ವರ್ಷ ತನ್ನ ಕೈಯಾರೆ ಬರ್ದಿಟ್ಟೋಳಿಗೆ ಹೆಬ್ಬೆಟ್ಟು ಯಾಕಣ್ಣ? ಬರೆಸೋವಾಗ ಅವಳನ್ನ ಯಾರೂ ಒಂದು ಮಾತು ಕೇಳಿಲ್ಲ ಅಂತ ಅದ್ರಲ್ಲೇ ಗೊತ್ತಾಗುತ್ತೆ.

ಅಪ್ಪನ ಮಂಡಿ ಲೆಕ್ಕದ ಪುಸ್ತಕದ ಹಾಳೆ ಫೋಟೋನೂ ನೋಡಿದೆ. ಮೇಲೆ ಬಾದಾಮಿ ಮಾವು ಇಷ್ಟು ಕ್ರೇಟು, ತೋತಾಪುರಿ ಇಷ್ಟು ಅಂತ, ಕೆಳಗೆ "ತೋಟ ಮಗನಿಗೆ". ಅಪ್ಪನ ಅಕ್ಷರಾನೇ, ಅನುಮಾನ ಇಲ್ಲ. ಆದ್ರೆ ಅದು ವಿಲ್ ಆಗಲ್ಲ. ವಿಲ್‌ಗೆ ಛಾಪಾ ಕಾಗದ ಬೇಡ, ರಿಜಿಸ್ಟರ್ ಕಡ್ಡಾಯ ಅಲ್ಲ, ಆದ್ರೆ 1925ರ ಉತ್ತರಾಧಿಕಾರ ಕಾಯ್ದೆ ಪ್ರಕಾರ ಇಬ್ಬರು ಸಾಕ್ಷಿಗಳ ಸೈನ್ ಬೇಕೇ ಬೇಕು. ಇದ್ರಲ್ಲಿ ಒಬ್ರದ್ದೂ ಇಲ್ಲ. ಹಂಗಾಗಿ ವಿಲ್ ಇಲ್ಲ ಅಂತಲೇ ಲೆಕ್ಕ, ಅಪ್ಪ ಸ್ವಂತ ದುಡ್ಡಲ್ಲಿ ತಗೊಂಡ ತೋಟ, ಮನೆ ಎರಡರಲ್ಲೂ ಅಮ್ಮ, ನೀನು, ಅಕ್ಕ, ನಾನು ನಾಲ್ಕು ಜನಕ್ಕೂ ಸಮಪಾಲು. ಅಪ್ಪನ ಮಾತು ನಾವಾಗೇ ನಡೆಸ್ಬೇಕು, ನಾನಂತೂ ನಡೆಸ್ತೀನಿ.

ತಾತನ ಹೊಲದ ವಿಷಯ ಬೇರೆ. ಚಿಕ್ಕಪ್ಪ ಹೆಣ್ಣುಮಕ್ಕಳ ಪಾಲು ಮದುವೆ ಖರ್ಚಲ್ಲೇ ಮುಗೀತು ಅಂತಾರಂತೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ್ಮೇಲೆ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, ಅದೂ ಹುಟ್ಟಿನಿಂದ, ಮದುವೆ ಆಗಿದ್ರೂ ಆಗ್ದಿದ್ರೂ. 2020ರಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಕೇಸಲ್ಲಿ ಇನ್ನೂ ಖಡಾಖಂಡಿತ ಹೇಳಿದೆ. ವಂಶವೃಕ್ಷದಲ್ಲಿ ನಮ್ಮಿಬ್ಬರ ಹೆಸರು ಬಿಟ್ಟುಬಿಡು ಅಂತ ಚಿಕ್ಕಪ್ಪ ಅಂದ ಮಾತು ದಯವಿಟ್ಟು ಕಿವಿಗೇ ಹಾಕ್ಕೋಬೇಡ, ಅದಕ್ಕೆ ಅಫಿಡವಿಟ್ ಕೊಡೋನು ನೀನು, ನಾಳೆ ಸಿಕ್ಕಿಹಾಕ್ಕೊಳ್ಳೋನೂ ನೀನೇ.

ಅಪ್ಪನ ಎಫ್‌ಡಿಗೆ ನಾಮಿನಿ ನೀನು, ಬ್ಯಾಂಕಿನವರು ನಿನ್ನ ಕೈಗೇ ಕೊಡ್ತಾರೆ, ಆದ್ರೆ ನಾಮಿನಿ ಅಂದ್ರೆ ದುಡ್ಡಿನ ಯಜಮಾನ ಅಲ್ಲ, ವಾರಸುದಾರರ ಪರವಾಗಿ ಇಸ್ಕೊಳ್ಳೋನು ಅಷ್ಟೇ. 2010ರಲ್ಲಿ ಬ್ಯಾಂಕ್ ಖಾತೆ ಕೇಸಲ್ಲೇ ಸುಪ್ರೀಂ ಕೋರ್ಟ್ ಹಂಗೆ ಹೇಳಿದೆ. ಅದು ಅಮ್ಮನ ಔಷಧಿ ದುಡ್ಡು ಅಂತ ನಾನು ತಿಳ್ಕೊಂಡಿದೀನಿ.

ಈ ದೇಶದಲ್ಲಿ ಗಂಡ ವಿಲ್ ಬರೀದೆ ಹೋದ್ರೆ, ಮಕ್ಕಳಿದ್ರೂ, ಮೊದಲ 3,22,000 ಪೌಂಡ್ ಹೆಂಡತಿಗೆ, ಉಳಿದಿದ್ರಲ್ಲೂ ಅರ್ಧ ಅವಳಿಗೇ. ನಮ್ಮ ಕಾನೂನಲ್ಲಿ ಅಮ್ಮನೂ ನಾಲ್ಕರಲ್ಲಿ ಒಬ್ಬಳು ಅಷ್ಟೇ. ಆ ಒಂದು ಪಾಲನ್ನೂ ಬಿಡಿಸ್ಕೊಂಡ್ರೆ ಅವಳು ಸೊಸೆ ಮನೇಲಿ ಅನ್ನಕ್ಕೆ ಕಾಯೋ ಹಂಗಾಗುತ್ತೆ. ಅತ್ತಿಗೆ ಅಂಥೋಳಲ್ಲ, ನಂಗೊತ್ತು. ಆದ್ರೂ ಅಮ್ಮ ಯಾರ ಒಳ್ಳೇತನದ ಮೇಲೂ ಬದುಕೋದು ನಂಗೆ ಬೇಡ.

ಮೊದಲು ಡೆತ್ ಸರ್ಟಿಫಿಕೇಟು, ವಂಶವೃಕ್ಷ ಇಟ್ಟು ಅಪ್ಪನ ಹೆಸರಿನ ಖಾತೆ ನಾಲ್ಕೂ ಜನ ವಾರಸುದಾರರ ಹೆಸರಿಗೆ ಬದಲಾಗೋ ಹಂಗೆ, ಅಂದ್ರೆ ಪೌತಿ ಖಾತೆಗೆ, ನಾಡಕಚೇರೀಲಿ ಅರ್ಜಿ ಹಾಕು. ಪಹಣೀಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕತ್ವ ಬರಲ್ಲ, ಯಾರಿಗೆ ಯಾವುದು ಅಂತ ಹಂಚ್ಕೊಳ್ಳೋಕೆ ಆಮೇಲೆ ವಿಭಾಗ ಪತ್ರ ರಿಜಿಸ್ಟರ್ ಆಗ್ಲೇಬೇಕು. ತೋಟ ನಿಂಗೆ, ಮನೆ ಮತ್ತೆ ಎಫ್‌ಡಿ ಅಮ್ಮಂಗೆ ಅಂತ ಬರೆಸು. ನನ್ನ ಪಾಲು ನಾನು ಬಿಡ್ತೀನಿ, ಅಕ್ಕನ ಪಾಲು ಬಿಡು ಅನ್ನೋಕೆ ನಾನ್ಯಾರು, ಭಾವನ ವ್ಯಾಪಾರ ಬಿದ್ಮೇಲೆ ಅವಳ ಕಷ್ಟ ನಿಂಗೂ ಗೊತ್ತು. ಹೊಲದಲ್ಲಿ ಅವಳಿಗೆ ಏನು ಬೇಕೋ ಅವಳನ್ನೇ ಕೇಳು.

ಒಂದ್ ಭಾನುವಾರ ಅಕ್ಕನ್ನ ಚಿಂತಾಮಣಿಯಿಂದ ಕರೆಸು, ಚಿಕ್ಕಪ್ಪ ಇಲ್ದೇ ಇರೋವಾಗ ಅಮ್ಮನ್ನ ಕೂರಿಸ್ಕೊಂಡು ಮಾತಾಡಿ, ಡ್ರಾಫ್ಟ್ ತಿದ್ದಿಸಿ ಕಳಿಸು. ನಾನು ಇಂಡಿಯನ್ ಕಾನ್ಸುಲೇಟಲ್ಲಿ ಸೈನ್ ಹಾಕಿ, ಇದೊಂದೇ ಕೆಲಸಕ್ಕೆ ಅಂತ ಅಕ್ಕನ ಹೆಸರಿಗೆ ಪವರ್ ಆಫ್ ಅಟಾರ್ನಿ ಕಳಿಸ್ತೀನಿ. ಅದು ಇಂಡಿಯಾಗೆ ಬಂದ 3 ತಿಂಗಳೊಳಗೆ ಸ್ಟಾಂಪ್ ಡ್ಯೂಟಿ ಕಟ್ಟಿಸ್ಬೇಕು, ಕೋಲಾರದಲ್ಲಿ ಲಾಯರ್ ಹತ್ರ ಈಗ್ಲೇ ಕೇಳಿಟ್ಕೋ.

ನಿನ್ನ ತಂಗಿ