ಪ್ರಶ್ನೆ ಬರೆಸಿದವರಿಗೆ ವಂದನೆ

ಕೊಡಗಿನಿಂದ ಮೊದಲ ಬಾರಿಗೆ ವಿಧಾನಸಭೆಗೆ ಆಯ್ಕೆಯಾದ ಸದಸ್ಯರೊಬ್ಬರ ಕಚೇರಿಯಲ್ಲಿ ಸದನದ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಪ್ರಶ್ನೆ ಬರೆಯುವುದು, ಬಂದ ಉತ್ತರ ಓದುವುದು, ಓದಿ ಸಿಟ್ಟಾಗುವುದು, ಮತ್ತೆ ಬರೆಯುವುದು. ಬಜೆಟ್ ಅಧಿವೇಶನದೊಂದಿಗೆ ಅವರ ಮೊದಲ ವರ್ಷ ಮುಗಿಯಿತು. ಅಪ್ಪನಿಗೆ ಇನ್ನು ತೋಟದ ಏರು ಹತ್ತಲಾಗುವುದಿಲ್ಲ ಎಂಬ ಕಾರಣಕ್ಕೆ ನಾನು ಕೆಲಸ ಬಿಟ್ಟು ಊರಿಗೆ ಮರಳಿದ್ದೇನೆ.

ಸದಸ್ಯರಿಗೆ ಎದುರಿಗೇ ಧನ್ಯವಾದ ಹೇಳಿ ಬಂದೆ. ಅವರ ಹೆಸರಾಗಲೀ ಪಕ್ಷವಾಗಲೀ ಇಲ್ಲಿ ಬರುವುದಿಲ್ಲ. ಬಂದರೆ ಕೆಳಗಿನ ಮಾತೆಲ್ಲ ಚುನಾವಣೆಯ ಕರಪತ್ರದಂತೆ ಕಾಣುತ್ತದೆ. ಈ ಬರಹ ಬೇರೆಯವರಿಗೆ. ಅವರಲ್ಲಿ ಕೆಲವರು ಸರ್ಕಾರಿ ನೌಕರರು, ಕೆಲವರಿಗೆ ಹೆಸರು ಹೊರಬರುವುದು ಇಷ್ಟವಿಲ್ಲ. ಹೀಗಾಗಿ ಯಾರ ಹೆಸರನ್ನೂ ಬರೆಯುತ್ತಿಲ್ಲ. ಓದಿದರೆ ಅವರಿಗೆ ಗೊತ್ತಾಗುತ್ತದೆ.

ಹೊಸ ಶಾಸಕರೆಂದರೆ ಜನರಿಗೆ ಕಾಣುವುದು ಮೊಬೈಲ್‌ನಲ್ಲಿ ಹರಿದಾಡುವ ಎರಡು ನಿಮಿಷದ ಭಾಷಣ. ಎದ್ದು ನಿಂತರು, ಗುಡುಗಿದರು, ಮೇಜು ತಟ್ಟಿದರು. ಅದು ಬೇಡವೆಂದಲ್ಲ. ಆದರೆ ವರ್ಷದ ಕೊನೆಯಲ್ಲಿ ಕಡತ ಬಿಚ್ಚಿದರೆ ಕೈಗೆ ಸಿಗುವುದು ಭಾಷಣವಲ್ಲ, ಚುಕ್ಕೆ ಗುರುತಿಲ್ಲದ ಪ್ರಶ್ನೆಗಳಿಗೆ ಬಂದ ಲಿಖಿತ ಉತ್ತರಗಳು. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಬಾಯಿಮಾತಿನ ಉತ್ತರ ಕೊಡಬೇಕು, ಅದಕ್ಕೆ ಉಪಪ್ರಶ್ನೆಯನ್ನೂ ಕೇಳಬಹುದು. ಆದರೆ ಅದು ಸಿಗುವುದು ಚೀಟಿ ಎತ್ತಿದಾಗ ಅದೃಷ್ಟವಿದ್ದರೆ ಮಾತ್ರ. ಚುಕ್ಕೆ ಇಲ್ಲದ್ದಕ್ಕೆ ಅಷ್ಟು ಗೌಜಿಯಿಲ್ಲ. ಉತ್ತರ ಮುದ್ರಿತವಾಗಿ ಬರುತ್ತದೆ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, (ಅ), (ಆ), (ಇ) ಎಂಬ ಭಾಗಗಳು, ಕೊನೆಯಲ್ಲಿ ಕಡತ ಸಂಖ್ಯೆ ಮತ್ತು ಸಚಿವರ ಹೆಸರು. ಆ ಹಾಳೆಯನ್ನು ಹಿಡಿದುಕೊಂಡು ನಾಳೆ ಯಾವ ಕಚೇರಿಗೆ ಬೇಕಾದರೂ ಹೋಗಬಹುದು.

ನಮ್ಮ ಜಿಲ್ಲೆಗೆ ಈ ಹಾಳೆಗಳು ಇನ್ನೂ ಮುಖ್ಯ. 224 ಜನರ ಸಭೆಯಲ್ಲಿ ಕೊಡಗಿನವರು ಇಬ್ಬರು, ಮಡಿಕೇರಿ ಮತ್ತು ವಿರಾಜಪೇಟೆ. 2008ರ ಕ್ಷೇತ್ರ ವಿಂಗಡಣೆಗೆ ಮೊದಲು ಸೋಮವಾರಪೇಟೆಯೂ ಸೇರಿ ಮೂರಿತ್ತು. ಹಳಬರ ಹತ್ತಿರ ಕುಳಿತರೆ ಮಾತು ಅದಕ್ಕೂ ಹಿಂದಕ್ಕೆ ಹೋಗುತ್ತದೆ. 1952ರಲ್ಲಿ ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು, 24 ಸದಸ್ಯರ ವಿಧಾನಸಭೆಯಿತ್ತು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾಗಿದ್ದರು. 1956ರ ನವೆಂಬರ್ 1ಕ್ಕೆ ಎಲ್ಲ ವಿಲೀನವಾಯಿತು. ಆ 24ರ ಲೆಕ್ಕವನ್ನು ನನಗೆ ಹೇಳದ ಹಿರಿಯರು ಜಿಲ್ಲೆಯಲ್ಲಿ ಕಡಿಮೆ. ಕೇಳಿ ಕೇಳಿ ಬೇಸರವಾಗಿದ್ದೂ ಉಂಟು. ಆದರೆ ಇಬ್ಬರ ದನಿ 224ರಲ್ಲಿ ಕೇಳಿಸಬೇಕಾದರೆ ಕೂಗಿನ ಜೋರಿಗಿಂತ ಕಾಗದದ ಬಲವೇ ಬೇಕು ಎಂದು ನನಗೆ ಅನಿಸಿದ್ದು ಅವರ ಮಾತು ಕೇಳುತ್ತಲೇ.

ಆ ಬಲವನ್ನು ಕೊಟ್ಟವರಲ್ಲಿ ಮೊದಲಿಗರು ಭಾಗಮಂಡಲದ ಕಡೆಯ ಒಬ್ಬ ಹಿರಿಯ ಬೆಳೆಗಾರರು. ಕಚೇರಿಗೆ ಬಂದವರು ಮನವಿ ಪತ್ರ ತಂದಿರಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಉದ್ದನೆಯ ಲೆಕ್ಕದ ಪುಸ್ತಕಗಳನ್ನು ತಂದಿದ್ದರು. ಕೊಡಗಿನ ತೋಟದ ಮನೆಗಳಲ್ಲಿ ಮಳೆ ಅಳೆಯುವುದು ಹೊಸದೇನಲ್ಲ. ಬೆಳಿಗ್ಗೆ ಅಂಗಳದ ಮಾಪಕ ನೋಡಿ ಇಂಚು, ಸೆಂಟ್‌ಗಳಲ್ಲಿ (ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ) ಬರೆದಿಡುತ್ತಾರೆ. ಇವರು ಅಂಕಿಯ ಪಕ್ಕದಲ್ಲಿ ಒಂದು ಸಣ್ಣ ಅಂಕಣವನ್ನೂ ಎಳೆದುಕೊಂಡಿದ್ದರು. ‘ಕರೆಂಟ್ ಇಲ್ಲ.’ ‘ಸೇತುವೆ ಮೇಲೆ ನೀರು.’ ‘ಹೂಮಳೆ (ಕಾಫಿ ಹೂ ಬಿಡಲು ಬೇಕಾದ ಮಳೆ) ಸಾಲದು.’ ‘ಬಳ್ಳಿ ಹಳದಿ.’ 2018ರ ಆಗಸ್ಟ್ ಪುಟದಲ್ಲಿ ಒಂದು ದಿನದ ಎದುರು ಅಂಕಿಯೇ ಇರಲಿಲ್ಲ. ‘ಮಾಪಕ ತುಂಬಿ ಹೊರಗೆ ಹೋಗಿದೆ’ ಎಂದು ಬರೆದಿದ್ದರು. ಜೋಡುಪಾಲ, ಮಕ್ಕಂದೂರಿನ ಕಡೆ ಗುಡ್ಡಗಳು ಜಾರಿದ ವಾರ ಅದು.

ಅವರ ತಕರಾರು ಕಾಳುಮೆಣಸಿನ ವಿಮೆಯದು. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಬಳ್ಳಿ ಸತ್ತಿದೆಯೋ ಬದುಕಿದೆಯೋ ಎಂದು ಯಾರೂ ಬಂದು ನೋಡುವುದಿಲ್ಲ. ಗೊತ್ತುಪಡಿಸಿದ ಮಾಪಕದ ಮಳೆ ಲೆಕ್ಕ ಎಷ್ಟು ಹೇಳುತ್ತದೆಯೋ ಪರಿಹಾರವೂ ಅಷ್ಟೇ. ಬಯಲುಸೀಮೆಯಲ್ಲಿ ಇದು ನಡೆದೀತು. ಇಲ್ಲಿ ಕುಶಾಲನಗರದಲ್ಲಿ ಬಿಸಿಲು ಕಾಯುವಾಗ ಭಾಗಮಂಡಲದಲ್ಲಿ ಕೊಡೆ ತಿರುಗಿಬೀಳುತ್ತದೆ. ಬೆಟ್ಟದ ಈ ಮಗ್ಗುಲಿಗೆ ಬಿದ್ದದ್ದು ಆ ಮಗ್ಗುಲಿಗೆ ಬೀಳುವುದಿಲ್ಲ. ಅದರ ಮೇಲೆ ಮಾಪಕ ಕೆಟ್ಟು ಕೂತರೆ ಏನು ಗತಿ?

“ಪರಿಹಾರ ಕೊಡಿ ಎಂದು ಕೇಳಬೇಡಿ. ಕೊಡುತ್ತೇವೆ ಎಂದುಬಿಡುತ್ತಾರೆ. ಮಾಪಕ ಕೆಟ್ಟ ದಿನ ಯಾವ ಊರಿನ ಮಳೆಯನ್ನು ನನ್ನ ಲೆಕ್ಕಕ್ಕೆ ಬರೆದಿರಿ ಎಂದು ಕೇಳಿ” ಎಂದರು ಅವರು.

ಅವರ ಮಾತನ್ನೇ ಪ್ರಶ್ನೆಯಾಗಿ ಬರೆದೆ. (ಅ) ಕಾಳುಮೆಣಸಿನ ವಿಮಾ ಪರಿಹಾರಕ್ಕೆ ಪಂಚಾಯಿತಿ ಮಟ್ಟದ ಮಳೆಮಾಪಕಗಳ ಅಂಕಿಯನ್ನೇ ಆಧಾರವಾಗಿ ಪಡೆಯಲಾಗುತ್ತಿದೆಯೇ? (ಆ) ಹಾಗಿದ್ದಲ್ಲಿ, ಜಿಲ್ಲೆಯಲ್ಲಿ ದುರಸ್ತಿಯಲ್ಲಿರುವ ಮಾಪಕಗಳೆಷ್ಟು ಮತ್ತು ಎಂದಿನಿಂದ? (ಇ) ಆ ದಿನಗಳಿಗೆ ಯಾವ ಕೇಂದ್ರದ ಅಂಕಿಯನ್ನು ಬಳಸಲಾಗಿದೆ? ಉತ್ತರದಲ್ಲಿ (ಅ)ಗೆ ‘ಹೌದು’, (ಆ)ಗೆ ‘ಅನುಬಂಧದಲ್ಲಿ ಒದಗಿಸಿದೆ’, (ಇ)ಗೆ ‘ಸಮೀಪದ ಕೇಂದ್ರದ ದತ್ತಾಂಶ’ ಎಂದಿತ್ತು. ಯಾವುದು ಸಮೀಪ? ಅದಕ್ಕೆ ಮುಂದಿನ ಅಧಿವೇಶನದಲ್ಲಿ ಇನ್ನೊಂದು ಪ್ರಶ್ನೆ ಬೇಕಾಯಿತು. ಸದಸ್ಯರು ಆ ಲೆಕ್ಕದ ಪುಸ್ತಕವನ್ನೇ ಎದುರಿಗಿಟ್ಟುಕೊಂಡು ಇಲಾಖೆಯ ಅಧಿಕಾರಿಗಳೊಂದಿಗೆ ಮಾತನಾಡಿದರು. ಸರ್ಕಾರದ ಕೈಯಲ್ಲಿ ಮಿಲಿಮೀಟರ್, ನಮ್ಮ ಕೈಯಲ್ಲಿ ಇಂಚು. 25.4ರಿಂದ ಗುಣಿಸುತ್ತಾ ಕೂತದ್ದು ನಾನು. ಅನುಬಂಧದ ಅಂಕಿಗೂ ಪುಸ್ತಕದ ಅಂಕಿಗೂ ಎಲ್ಲೆಲ್ಲಿ ತಾಳೆಯಾಗುವುದಿಲ್ಲ ಎಂಬ ಪಟ್ಟಿ ಈಗ ಕಡತದಲ್ಲಿದೆ. ವಿಷಯ ಇತ್ಯರ್ಥವಾಗಿಲ್ಲ. ಆದರೆ ‘ಬೆಳೆಗಾರರ ಬಳಿ ದಾಖಲೆ ಇಲ್ಲ’ ಎಂದು ಇನ್ನು ಯಾರೂ ಹೇಳುವಂತಿಲ್ಲ. ಅಯ್ಯಾ, ನಿಮ್ಮ ಪುಸ್ತಕಗಳನ್ನು ಒಂದು ಹಾಳೆಯೂ ಮಡಚದಂತೆ ಮರಳಿಸಿದ್ದೇನೆ. ನಿಮಗೆ ನನ್ನ ನಮಸ್ಕಾರ.

ಎರಡನೆಯವರು ತಿತಿಮತಿ ಕಡೆಯ ಹಾಡಿಯೊಂದರ, ಅಂದರೆ ಬುಡಕಟ್ಟು ಜನರ ಕೇರಿಯೊಂದರ ಅಕ್ಕ. ಅರಣ್ಯ ಹಕ್ಕು ಕಾಯ್ದೆ 2006ರದು. ಹಾಡಿಗಳಲ್ಲಿ ಆ ಕಾಯ್ದೆಯ ಬಗ್ಗೆ ಭಾಷಣ ಕೇಳದವರಿಲ್ಲ, ಹಕ್ಕುಪತ್ರ ಕಂಡವರು ಬೇಕಷ್ಟಿಲ್ಲ. ‘ಎಷ್ಟು ಅರ್ಜಿ ಬಂದಿವೆ, ಎಷ್ಟು ವಿಲೇವಾರಿಯಾಗಿವೆ’ ಎಂಬ ರೂಢಿಯ ಪ್ರಶ್ನೆಯನ್ನು ನಾನು ಓದಿ ತೋರಿಸಿದಾಗ ಅವರು ನಕ್ಕರು. ತಿರಸ್ಕರಿಸಿದ ಅರ್ಜಿಯೂ ವಿಲೇವಾರಿಯ ಲೆಕ್ಕಕ್ಕೇ ಸೇರುತ್ತದಲ್ಲ ಎಂದರು. ತಿರಸ್ಕರಿಸಿದ್ದನ್ನು ಅರ್ಜಿದಾರರಿಗೆ ಬರೆದು ತಿಳಿಸಿದ್ದೀರಾ, ತಿಳಿಸಿದ್ದರೆ ಯಾವ ದಿನ ಎಂದು ಕೇಳಿಸಿದರು. ಮೇಲ್ಮನವಿಗೆ ನಿಯಮದಲ್ಲಿ 60 ದಿನಗಳ ಅವಕಾಶವಿದೆ. ತಿಳಿಸಿಯೇ ಇಲ್ಲವಾದರೆ ಆ ಅವಕಾಶ ಇದ್ದೂ ಇಲ್ಲದಂತೆ. ಒಂದೇ ಸಾಲಿನ ಆ ತಿದ್ದುಪಡಿಯಿಂದ ಪ್ರಶ್ನೆಯ ಜೀವವೇ ಬದಲಾಯಿತು. ಅಕ್ಕ ಓದಿದ್ದು ಆಶ್ರಮ ಶಾಲೆಯಲ್ಲಿ, ನಾಲ್ಕನೆಯ ತರಗತಿಯವರೆಗೆ. ನನ್ನ ಬಳಿ ಎರಡು ಪದವಿಗಳಿವೆ. ಹೆಚ್ಚೇನೂ ಹೇಳುವುದಿಲ್ಲ.

ಇನ್ನು ಸರ್ಕಾರಿ ನೌಕರರು. ‘ಎಲ್‌ಎಕ್ಯೂ’, ಅಂದರೆ ವಿಧಾನಸಭೆಯ ಪ್ರಶ್ನೆ, ‘ಬಂದಿದೆ’ ಎಂಬ ಮಾತು ತಾಲ್ಲೂಕು ಕಚೇರಿಯಲ್ಲಿ ಹುಟ್ಟಿಸುವ ಗಡಿಬಿಡಿಯನ್ನು ಕಂಡವರೇ ಬಲ್ಲರು. ಅದು ಸಚಿವಾಲಯದಿಂದ ಇಲಾಖೆಗೆ, ಇಲಾಖೆಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಇಳಿಯುವಷ್ಟರಲ್ಲಿ ‘ಇಂದೇ ಮಾಹಿತಿ ಕಳಿಸಿ’ ಎಂಬ ಟಿಪ್ಪಣಿ ಅಂಟಿಕೊಂಡಿರುತ್ತದೆ. ನಾವು 15 ದಿನ ಮುಂಚೆ ಕೊಟ್ಟ ಪ್ರಶ್ನೆಗೆ ಅಂಕಿ ಹುಡುಕುವ ಗುಮಾಸ್ತರಿಗೆ ಒಮ್ಮೊಮ್ಮೆ ಉಳಿಯುವುದು ಒಂದು ಸಂಜೆ. ಮಳೆಗಾಲದಲ್ಲಿ, ವಿದ್ಯುತ್ ಇಲ್ಲದ ಕಚೇರಿಯಲ್ಲಿ, ಮೊಬೈಲ್ ಬೆಳಕಿನಲ್ಲಿ ರಿಜಿಸ್ಟರ್ ತಿರುವಿ ಸರಿಯಾದ ಸಂಖ್ಯೆಯನ್ನೇ ಕೊಟ್ಟವರಿದ್ದಾರೆ. ‘ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ’ ಎಂದು ಬರೆದು ಮನೆಗೆ ಹೋಗಬಹುದಾಗಿತ್ತು. ಹೋಗಲಿಲ್ಲ. ನಮ್ಮ ಸದಸ್ಯರ ಹೆಸರು ಕೇಳಿದರೆ ನಿಮಗೆ ಇನ್ನೂ ಸಿಟ್ಟು ಬರುತ್ತಿರಬಹುದು. ಬರಲಿ. ನಿಮ್ಮ ಕೆಲಸ ನಾನು ನೋಡಿದ್ದೇನೆ.

ವಿಧಾನಸೌಧದ ಪ್ರಶ್ನೆ ಶಾಖೆಯ ಸಿಬ್ಬಂದಿಗೂ ಸಲ್ಲಬೇಕಾದದ್ದಿದೆ. ಪ್ರಶ್ನೆಯಲ್ಲಿ ವಾದ, ವ್ಯಂಗ್ಯ, ಆರೋಪ ಇರಬಾರದು, ಅಭಿಪ್ರಾಯ ಕೇಳಬಾರದು, ನ್ಯಾಯಾಲಯದ ಮುಂದಿರುವ ವಿಷಯವಾಗಿರಬಾರದು. ಕೊಡಗಿನವನಿಗೆ ವ್ಯಂಗ್ಯ ಬಿಟ್ಟು ಬರೆ ಎನ್ನುವುದು ಸಣ್ಣ ಶಿಕ್ಷೆಯಲ್ಲ. ಯಾವುದಕ್ಕೆ ಪ್ರಶ್ನೆ, ಯಾವುದಕ್ಕೆ ನಿಯಮ 73ರ ಗಮನ ಸೆಳೆಯುವ ಸೂಚನೆ, ಯಾವುದಕ್ಕೆ ವಿಷಯ ಪ್ರಸ್ತಾಪಿಸುವ ನಿಯಮ 351ರ ಸೂಚನೆ, ಯಾವುದಕ್ಕೆ ಶೂನ್ಯ ವೇಳೆ ಎಂಬುದನ್ನು ಅವರು ಪಕ್ಷ ನೋಡದೆ, ಹೊಸಬರೆಂದು ಕೇವಲ ಮಾಡದೆ ಹೇಳಿಕೊಟ್ಟರು.

ಕಾಫಿಯ ಬಗ್ಗೆ ಏಕೆ ಕೇಳಲಿಲ್ಲ ಎಂದು ಬೈದವರಿಗೂ ಧನ್ಯವಾದ. ಕಾಫಿ ಮಂಡಳಿ ಕೇಂದ್ರದ ವಾಣಿಜ್ಯ ಸಚಿವಾಲಯದ ಅಡಿಯಲ್ಲಿದೆ. ಅರೇಬಿಕಾದ ಬೆಲೆಗೆ ನ್ಯೂಯಾರ್ಕ್ ಪೇಟೆ, ರೊಬಸ್ಟಾಕ್ಕೆ ಲಂಡನ್ ಪೇಟೆ ನೋಡಬೇಕು. ಅದನ್ನು ಬೆಂಗಳೂರಿನಲ್ಲಿ ಕೇಳಿದರೆ ‘ರಾಜ್ಯ ಸರ್ಕಾರಕ್ಕೆ ಸಂಬಂಧಿಸಿದ್ದಲ್ಲ’ ಎಂಬ ಉತ್ತರ ಖಾತ್ರಿ. ಇದನ್ನು ವಿವರಿಸಿದಾಗಲೂ ನೀವು ಬಿಡಲಿಲ್ಲ. ಹಾಗಾದರೆ ರಾಜ್ಯದ ಕೈಯಲ್ಲಿರುವುದನ್ನು ಕೇಳಿ ಎಂದು ಪಂಪ್‌ಸೆಟ್ಟಿನ ವಿದ್ಯುತ್ ಬಿಲ್, ಕಣದಿಂದ ಕಳುವಾಗುವ ಕಾಫಿ, ತೋಟದ ರಸ್ತೆ, ಆನೆ ಎಲ್ಲವನ್ನೂ ಪಟ್ಟಿ ಮಾಡಿ ಕಳಿಸಿದಿರಿ. ಆ ಪಟ್ಟಿಯಿಂದಲೇ ಒಂದು ಅಧಿವೇಶನಕ್ಕಾಗುವಷ್ಟು ಪ್ರಶ್ನೆಗಳು ಹುಟ್ಟಿದವು.

ಆನೆಯ ವಿಷಯದಲ್ಲಿ ಒಂದು ಮಾತು. ಸದನದಲ್ಲಿ ಆನೆ ಎಂದರೆ ರೈಲು ಕಂಬಿ ತಡೆ, ಸೌರ ಬೇಲಿ, ಪರಿಹಾರದ ಮೊತ್ತ ಇಷ್ಟೇ. ಸಿದ್ದಾಪುರದ ಕಡೆಯ ತೋಟದ ಲೈನ್‌ಮನೆಯ (ಕಾರ್ಮಿಕರ ಸಾಲುಮನೆ) ಹೆಂಗಸರು ಕೇಳಿದ್ದು ಬಸ್ಸಿನ ಸಮಯ. ಬೆಳಿಗ್ಗೆ ಮಂಜಿನಲ್ಲಿ ಆನೆ ರಸ್ತೆ ದಾಟುವ ಹೊತ್ತಿಗೇ ಮಕ್ಕಳು ನಡೆದು ಹೋಗಿ ಬಸ್ ಹಿಡಿಯಬೇಕಿತ್ತು. ಬಸ್ ಅರ್ಧ ಗಂಟೆ ತಡವಾಗಿ ಹೊರಟು ಲೈನ್‌ಮನೆಯ ತಿರುವಿನಲ್ಲಿ ನಿಂತರೆ ಸಾಕು. ಇದಕ್ಕೆ ಪ್ರಶ್ನೆಯೂ ಬೇಕಾಗಲಿಲ್ಲ, ಭಾಷಣವೂ ಬೇಕಾಗಲಿಲ್ಲ. ಸದಸ್ಯರು ಒಂದು ಪತ್ರ ಬರೆದರು, ಎರಡು ಬಾರಿ ಫೋನ್ ಮಾಡಿದರು, ಬಸ್ ನಿಲ್ಲತೊಡಗಿತು. ಇಡೀ ವರ್ಷದಲ್ಲಿ ಪೂರ್ತಿ ಕೈಗೂಡಿದ ಕೆಲಸ ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಇದು ಯಾವ ಕಲಾಪದ ದಾಖಲೆಯಲ್ಲೂ ಇಲ್ಲ.

ಚಳಿಗಾಲದ ಅಧಿವೇಶನಕ್ಕೆ ಮಡಿಕೇರಿಯಿಂದ ಬೆಳಗಾವಿಯ ಸುವರ್ಣ ವಿಧಾನಸೌಧದವರೆಗೆ ಕಾರು ಓಡಿಸಿದ ಅಣ್ಣನಿಗೆ, ದಾರಿಯುದ್ದಕ್ಕೂ ನನ್ನ ಲ್ಯಾಪ್‌ಟಾಪ್ ಬೆಳಕನ್ನು ಸಹಿಸಿದ್ದಕ್ಕೆ ವಂದನೆ. ಹಳೆಯ ನಡವಳಿಗಳನ್ನು ಕೇಳಿದ ಕೂಡಲೇ ಹುಡುಕಿಕೊಟ್ಟ ಗ್ರಂಥಾಲಯದವರಿಗೂ ವಂದನೆ. ಆ ಸಂಪುಟಗಳಲ್ಲಿ ನಮ್ಮವರ ಹಳೆಯ ಮಾತುಗಳನ್ನು, ವಿಧಾನ ಪರಿಷತ್ತಿನ ಸದಸ್ಯರಾಗಿದ್ದ ಎ.ಕೆ. ಸುಬ್ಬಯ್ಯನವರ ಗುಡುಗನ್ನು ಓದುತ್ತಾ ಕೆಲಸ ಮರೆತ ಮಧ್ಯಾಹ್ನಗಳೂ ಇದ್ದವು.

ಕೊನೆಯದಾಗಿ ಒಂದು ವ್ಯವಹಾರದ ಮಾತು. ಸಚಿವರು ಸದನದಲ್ಲಿ ‘ಕ್ರಮ ಕೈಗೊಳ್ಳಲಾಗುವುದು’ ಎಂದರೆ ಅದು ಗಾಳಿಯಲ್ಲಿ ಹೋಗುವ ಮಾತಲ್ಲ. ಅಂಥವನ್ನು ಬೆನ್ನು ಹತ್ತಲೆಂದೇ ಸರ್ಕಾರಿ ಭರವಸೆಗಳ ಸಮಿತಿ ಇದೆ. ನಮ್ಮ ಜಿಲ್ಲೆಗೆ ಸಿಕ್ಕ ಭರವಸೆಗಳನ್ನೆಲ್ಲ ದಿನಾಂಕ, ಪ್ರಶ್ನೆ ಸಂಖ್ಯೆ ಸಮೇತ ಒಂದು ಪಟ್ಟಿ ಮಾಡಿ ನನ್ನ ಜಾಗಕ್ಕೆ ಬಂದವರಿಗೆ ಒಪ್ಪಿಸಿದ್ದೇನೆ. ಅವರು ಚುರುಕಿನವರು, ನನಗಿಂತ ತಾಳ್ಮೆಯೂ ಹೆಚ್ಚು. ಮನವಿ ಕೊಡಲು ಹೋಗುವವರು ದಯವಿಟ್ಟು ಹಾರ, ಶಾಲು ತರಬೇಡಿ. ಸರ್ವೆ ನಂಬರ್, ಹಿಂದೆ ಕೊಟ್ಟ ಅರ್ಜಿಯ ಪ್ರತಿ, ಅದರ ಮೇಲಿನ ಸ್ವೀಕೃತಿಯ ಮೊಹರು, ಇಷ್ಟು ತನ್ನಿ. ಮುಂಗಾರು ಅಧಿವೇಶನದ ದಿನಾಂಕ ಪ್ರಕಟವಾದ ಮೇಲೆ ಓಡಿಬಂದರೆ ಆಗುವುದಿಲ್ಲ, ಈಗಲೇ ಹೋಗಿ. ಮೆಣಸಿನ ವಿಮೆಯ ಬಗ್ಗೆ ಕೇಳುವುದಿದ್ದರೆ ಎರಡನೇ ಕಪಾಟಿನ ಹಸಿರು ಕಡತ ಎಂದು ಹೇಳಿ, ತೆಗೆದು ತೋರಿಸುತ್ತಾರೆ.